ಒಮ್ಮೆ ಬಾಯಿ ತೆಗೀರಿ ಅಜ್ಜಾ

ನಮ್ಮ ವೃದ್ಧಾಶ್ರಮದ ಒಬ್ಬ ಅಜ್ಜ ಊಟ ಬಿಟ್ಟು ಹತ್ತು ದಿನ ಆಗಿತ್ತು. ಜ್ವರ ಇಲ್ಲ. ಬಿಪಿ, ಶುಗರ್ ಎಲ್ಲ ಸರಿ ಇದೆ. ಆದರೆ ಗಂಜಿ ತಂದಿಟ್ಟರೆ ಎರಡು ಚಮಚ ತಿಂದು ಬಟ್ಟಲು ದೂಡುತ್ತಿದ್ದರು. ಮಗ ಬಂದು ನೋಡಿಕೊಂಡು ಬೆಂಗಳೂರಿಗೆ ಹೋಗಿದ್ದ. ಅದರ ಬೇಜಾರು ಇರಬೇಕು ಎಂದು ನಾನೇ ಎಲ್ಲರಿಗೂ ಹೇಳಿದ್ದೆ. ಹನ್ನೊಂದನೇ ದಿನ ಮಾತ್ರೆ ಕೊಡಲು ಹತ್ತಿರ ಬಗ್ಗಿದಾಗ ಬಾಯಿಂದ ಕೆಟ್ಟ ವಾಸನೆ ಬಂತು. ಟಾರ್ಚ್ ತಂದೆ. "ಒಮ್ಮೆ ಬಾಯಿ ತೆಗೀರಿ ಅಜ್ಜಾ" ಅಂದೆ.

ಮೇಲಿನ ಸಾಲು ಪೂರ್ತಿ ಕಟ್ಟಿಸಿದ ಹಲ್ಲು. ನಮಗೆ ಯಾರಿಗೂ ಅದು ಗೊತ್ತೇ ಇರಲಿಲ್ಲ. ಹೊಸಬರನ್ನು ಸೇರಿಸಿಕೊಳ್ಳುವಾಗ ಕನ್ನಡಕ ಇದೆಯಾ, ಕಿವಿಗೆ ಮಷಿನ್ ಇದೆಯಾ ಎಂದು ಕೇಳಿ ಬರೆದುಕೊಳ್ಳುತ್ತೇವೆ. ಹಲ್ಲಿನ ಸೆಟ್ ಇದೆಯಾ ಎಂಬ ಸಾಲು ನಮ್ಮ ಫಾರ್ಮಿನಲ್ಲಿ ಇರಲಿಲ್ಲ. ಅವರು ಬಂದು ನಾಲ್ಕು ತಿಂಗಳಾಗಿತ್ತು. ಅಷ್ಟೂ ದಿನ ಆ ಸೆಟ್ ಬಾಯಿಂದ ಹೊರಗೆ ಬಂದಿರಲಿಲ್ಲ. ಮೆಲ್ಲಗೆ ತೆಗೆದು ನೋಡಿದೆ. ಸೆಟ್ ಎಷ್ಟು ಅಗಲಕ್ಕೆ ಕೂತಿತ್ತೋ ಅಂಗುಳ ಅಷ್ಟೇ ಅಗಲಕ್ಕೆ ಕೆಂಪಾಗಿತ್ತು. ಒಂದು ಕಡೆ ಒಸಡಿನ ಅಂಚಿನಲ್ಲಿ ಹುಣ್ಣು. ಆ ನೋವಿಗೆ ಯಾರು ತಾನೇ ಉಣ್ಣುತ್ತಾರೆ? ಅಜ್ಜನಿಗೆ ಮರೆವು. ನೋಯುತ್ತಿದೆ ಎಂದು ಹೇಳಲು ಬರುತ್ತಿರಲಿಲ್ಲ. ಅದನ್ನು ನೋಡಬೇಕಾದವಳು ನಾನು.

ನನ್ನ ಊರು ಅಂಕೋಲಾ. ಶಿರಸಿ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ನರ್ಸ್ ಆಗಿದ್ದೇನೆ. 28 ಜನ ಹಿರಿಯರಿದ್ದಾರೆ, ಐದು ಜನ ಆಯಾಗಳಿದ್ದಾರೆ. ಘಟ್ಟದ ಮೇಲಿನವರು, ಕರಾವಳಿಯವರು, ಕಾರವಾರ ಕಡೆಯ ಕೊಂಕಣಿ ಮಾತಾಡುವವರು, ಎಲ್ಲ ಸೇರಿದ್ದಾರೆ. ಹಾಸಿಗೆ ಹುಣ್ಣು ಆಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವೆ. ಮಾತ್ರೆ ಒಂದು ಹೊತ್ತೂ ತಪ್ಪಿಸುವುದಿಲ್ಲ. ಬಾಯಿ ಮಾತ್ರ ಅವರವರ ಪಾಲಿಗೆ ಬಿಟ್ಟಿದ್ದೆವು.

ಪೇಟೆಯಿಂದ ದಂತವೈದ್ಯರನ್ನು ಕರೆಸಿದೆವು. ಅಂಗುಳಕ್ಕೆ ಬಂದದ್ದು ಕ್ಯಾಂಡಿಡಾ ಎಂಬ ಶಿಲೀಂಧ್ರ ಎಂದರು. ಅದು ತುಂಬಾ ಜನರ ಬಾಯಲ್ಲಿ ಸ್ವಲ್ಪ ಸ್ವಲ್ಪ ಇರುತ್ತದಂತೆ. ಹಗಲು ರಾತ್ರಿ ಸೆಟ್ ತೆಗೆಯದೇ ಇದ್ದರೆ ಅದರ ಅಡಿಯಲ್ಲಿ ಜಾಸ್ತಿಯಾಗುತ್ತದೆ. ಬಾಯಿಗೆ ಹಚ್ಚುವ ಔಷಧಿ ಕೊಟ್ಟರು. ಸೆಟ್ಟನ್ನೂ ತಿಕ್ಕಿ ಸ್ವಚ್ಛ ಮಾಡದಿದ್ದರೆ ಔಷಧಿ ಹಚ್ಚಿ ಉಪಯೋಗವಿಲ್ಲ, ಸೆಟ್ಟಿನಿಂದಲೇ ಮತ್ತೆ ಬರುತ್ತದೆ ಎಂದರು. ಹುಣ್ಣು ಮಾಡಿದ ಅಂಚನ್ನು ಉಜ್ಜಿ ನುಣ್ಣಗೆ ಮಾಡಿಕೊಟ್ಟರು. ಎರಡು ವಾರ ಕಳೆದ ಮೇಲೆ ಅಜ್ಜ ತಾವಾಗಿಯೇ ಅಪ್ಪೆಹುಳಿ ಕೇಳಿದರು. ಅಡುಗೆಯವರು ಅವತ್ತೇ ಮಾಡಿಕೊಟ್ಟರು.

ಅದಾದ ಮೇಲೆ ಒಂದೊಂದಾಗಿ 28 ಬಾಯಿಗಳನ್ನೂ ನೋಡಿದೆ. ಆಸ್ಟ್ರೇಲಿಯಾದ ವೃದ್ಧಾಶ್ರಮಗಳಲ್ಲಿ ಬಳಸುವ ಒಂದು ಪಟ್ಟಿ ಇದೆ. ತುಟಿ, ನಾಲಿಗೆ, ಒಸಡು, ಜೊಲ್ಲು, ಹಲ್ಲು, ಸೆಟ್, ಸ್ವಚ್ಛತೆ, ನೋವು ಎಂದು ಎಂಟು ವಿಷಯ. ಸರಿ ಇದ್ದರೆ 0, ಸ್ವಲ್ಪ ಕೆಟ್ಟಿದ್ದರೆ 1, ಪೂರ್ತಿ ಕೆಟ್ಟಿದ್ದರೆ 2. ಡಾಕ್ಟರೇ ಬೇಕಾಗಿಲ್ಲ, ನರ್ಸ್ ನೋಡಿ ತುಂಬಬಹುದು. ಅದನ್ನೇ ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿಕೊಂಡೆ. ಬಾಯಿ ಕೊನೆಯ ಒಡೆದ ಬಿರುಕು, ಅಲುಗಾಡುವ ಹಲ್ಲು, ಮುರಿದು ಬೇರು ಮಾತ್ರ ಉಳಿದದ್ದು, ಏನೇನೆಲ್ಲ ಸಿಕ್ಕಿತು! ಒಬ್ಬ ಅಮ್ಮಮ್ಮ ನಗುತ್ತಾ, "ಹಲ್ಲೇ ಇಲ್ಲೆ, ತಿಕ್ಕದು ಎಂತದು ತಂಗಿ?" ಎಂದು ಕೇಳಿದರು. ಹಲ್ಲಿಲ್ಲದ ಬಾಯಿಯನ್ನೂ ತೊಳೆಯಬೇಕು. ಒದ್ದೆ ಮಾಡಿದ ಗಾಜ್ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ಒಸಡು, ಕೆನ್ನೆಯ ಒಳಭಾಗ, ನಾಲಿಗೆ ಒರೆಸುತ್ತೇನೆ. ಒರೆಸುವಾಗಲೇ ಬಿಳಿ ಮಚ್ಚೆ, ಕೆಂಪು ಮಚ್ಚೆ, ವಾಸಿಯಾಗದ ಹುಣ್ಣು ಕಣ್ಣಿಗೆ ಬೀಳುತ್ತದೆ. ಎರಡು ಮೂರು ವಾರವಾದರೂ ಮಾಯದ ಹುಣ್ಣನ್ನು ಡಾಕ್ಟರಿಗೆ ತೋರಿಸಲೇಬೇಕು.

ನಮ್ಮ ಕಡೆ ಇದು ಸುಮ್ನೆ ಹೇಳುವ ಮಾತಲ್ಲ. ಇಲ್ಲಿಯ ಹಿರಿಯರು ಕವಳ, ಅಂದರೆ ಎಲೆ ಅಡಿಕೆ, ಹಾಕಿ ಬೆಳೆದವರು. ಹಲ್ಲು ಹೋದ ಮೇಲೂ ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗೆ ಹಾಕುತ್ತಾರೆ. ಕಾರವಾರ ಕಡೆಯ ಕೆಲವು ಹೆಂಗಸರು ಮಶೇರಿ, ಅಂದರೆ ಸುಟ್ಟ ಹೊಗೆಸೊಪ್ಪಿನ ಪುಡಿಯಲ್ಲೇ ಹಲ್ಲು ತಿಕ್ಕಿದವರು. ಅಡಿಕೆ ನಮ್ಮೂರಿಗೆ ಅನ್ನ ಹಾಕುವ ಬೆಳೆ, ನನಗೂ ಗೊತ್ತು. ಆದರೂ ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರ ವರದಿಯಲ್ಲೇ ಹೇಳಿದೆ. ಎಂಬತ್ತೈದರ ಅಜ್ಜಿಯ ಕೈಯಿಂದ ಕುಟ್ಟಾಣಿ ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಮೊದಲು ಹೊಗೆಸೊಪ್ಪು ಬಿಡಿಸಿದೆ. ರಾತ್ರಿ ದವಡೆಯಲ್ಲಿ ಕವಳ ಇಟ್ಟುಕೊಂಡು ಮಲಗುವುದನ್ನು ಬಿಡಿಸಿದೆ. ಹಾಕಿದ ಮೇಲೆ ಬಾಯಿ ಮುಕ್ಕಳಿಸಲು ಪಕ್ಕದಲ್ಲೇ ನೀರು ಇಡುತ್ತೇನೆ. ಅಡಿಕೆ ಈಗಲೂ ಪೂರ್ತಿ ಬಿಟ್ಟಿಲ್ಲ. ಹಾಗಾಗಿ ಅವರ ಕೆನ್ನೆಯ ಒಳಭಾಗವನ್ನು ವಾರವಾರ ನೋಡುತ್ತೇನೆ.

ಸೆಟ್‌ಗಳ ವಿಷಯದಲ್ಲಿ ಒಂದು ದೊಡ್ಡ ತಪ್ಪು ನಡೆಯಿತು. ರಾತ್ರಿ ಎಲ್ಲರ ಸೆಟ್ ತೆಗೆಸಬೇಕು ಎಂದು ನಾನು ಹೇಳಿದ್ದೆ. ಹೇಗೆ ಇಡಬೇಕು ಎಂದು ಹೇಳಿಕೊಟ್ಟಿರಲಿಲ್ಲ. ಹೊಸ ಆಯಾ ಒಬ್ಬಳು ಎಲ್ಲವನ್ನೂ ಒಂದೇ ಬೇಸಿನ್ನಿಗೆ ಹಾಕಿದಳು. ಚೆನ್ನಾಗಿ ಸ್ವಚ್ಛವಾಗಲಿ ಎಂದು ಹಂಡೆಯ ಕುದಿನೀರು ಹೊಯ್ದಳು. ಬೆಳಿಗ್ಗೆ ಒಂದು ಸೆಟ್ ಸೊಟ್ಟಗಾಗಿತ್ತು. ಉಳಿದವು ಯಾರದ್ದು ಯಾವುದು ಎಂದು ಗೊತ್ತಾಗಲಿಲ್ಲ. ಒಬ್ಬೊಬ್ಬರ ಬಾಯಿಗೂ ಇಟ್ಟು ನೋಡುತ್ತಾ ಕೂರುವ ಹಾಗಿಲ್ಲ, ಒಬ್ಬರ ಬಾಯಿಯದ್ದು ಇನ್ನೊಬ್ಬರಿಗೆ ಅಂಟುತ್ತದೆ ಅಲ್ವಾ? ದಂತವೈದ್ಯರು ಬಂದು ವಿಂಗಡಿಸುವ ತನಕ ಏಳು ಜನ ಗಂಜಿಯಲ್ಲೇ ದಿನ ಕಳೆದರು. ಆ ಹುಡುಗಿ ಅತ್ತಳು. ತಪ್ಪು ಅವಳದ್ದಲ್ಲ, ನನ್ನದು ಎಂದು ಎಲ್ಲರ ಎದುರು ಹೇಳಿದೆ.

ಈಗ ಪ್ರತಿ ಸೆಟ್ಟಿಗೂ ಹೆಸರಿದೆ. ಕೆನ್ನೆ ಕಡೆಯ ಹಿಂಬದಿಯಲ್ಲಿ ಸಣ್ಣ ಜಾಗವನ್ನು ನಯವಾದ ಉಪ್ಪು ಕಾಗದದಿಂದ ಚೂರು ಉಜ್ಜಬೇಕು. ಅಳಿಸದ ಪೆನ್ನಿನಲ್ಲಿ ಹೆಸರು ಬರೆಯಬೇಕು. ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಸಲ ಬಳಿದು ಪೂರ್ತಿ ಒಣಗಿಸಬೇಕು. ದಂತವೈದ್ಯರನ್ನು ಕೇಳಿಯೇ ಮಾಡಿದೆ. ಹೆಸರು ಮಾಸಿದರೆ ಮತ್ತೆ ಬರೆಯುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಮುಚ್ಚಳದ ಡಬ್ಬಿ, ಅದರ ಮೇಲೂ ಹೆಸರು. ಸೆಟ್ಟನ್ನು ಮೆತ್ತಗಿನ ಬ್ರಶ್ಶಿನಲ್ಲಿ ಸೋಪು ಹಾಕಿ ತಿಕ್ಕುತ್ತೇವೆ. ಪೇಸ್ಟ್ ಬೇಡ, ಅದು ಗೀರು ಬೀಳಿಸುತ್ತದೆ, ಗೀರಿನಲ್ಲಿ ಕೊಳೆ ಕೂರುತ್ತದೆ. ತೊಳೆಯುವಾಗ ಕೆಳಗೆ ನೀರು ತುಂಬಿದ ಬೇಸಿನ್ ಇರಬೇಕು, ಕೈಜಾರಿದರೂ ಒಡೆಯುವುದಿಲ್ಲ. ರಾತ್ರಿಯಿಡೀ ತಣ್ಣೀರಿನಲ್ಲಿ ಇಡಬೇಕು.

ಆಯಾಗಳ ಮನಸ್ಸು ಬದಲಾಗಲು ಜಾಸ್ತಿ ದಿನ ಬೇಕಾಯಿತು. ಹೇಲು ಉಚ್ಚೆ ಬಳಿಯಲು ಹಿಂದೆ ಮುಂದೆ ನೋಡದವರು ಬಾಯಿಗೆ ಕೈ ಹಾಕು ಎಂದರೆ ಮುಖ ತಿರುಗಿಸುತ್ತಿದ್ದರು. ಒಂದು ಮಧ್ಯಾಹ್ನ ಎಲ್ಲರಿಗೂ ಹೊಸ ಬ್ರಶ್ ಕೊಟ್ಟು, ಒಬ್ಬರ ಹಲ್ಲನ್ನು ಇನ್ನೊಬ್ಬರು ತಿಕ್ಕಿ ಎಂದೆ. ನನ್ನ ಹಲ್ಲನ್ನೂ ತಿಕ್ಕಿಸಿಕೊಂಡೆ. ಬೇರೆಯವರ ಕೈ ಬಾಯೊಳಗೆ ಬಂದರೆ ಎಷ್ಟು ಗಾಬರಿಯಾಗುತ್ತದೆ, ಬ್ರಶ್ ಗಂಟಲ ಹತ್ತಿರ ಹೋದರೆ ಹೇಗೆ ವಾಂತಿ ಬರುತ್ತದೆ ಎಂದು ಎಲ್ಲರಿಗೂ ತಿಳಿಯಿತು. ಮಾರನೇ ದಿನದಿಂದಲೇ ಕೈ ಹಗುರವಾಯಿತು.

ಮಲಗಿದಲ್ಲೇ ಇರುವವರಿಗೆ ತಲೆದಿಂಬು ಎತ್ತರಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಗಲ್ಲದ ಕೆಳಗೆ ಟವೆಲ್ ಹಾಕಿ ಶುರು ಮಾಡುತ್ತೇವೆ. ಚಪ್ಪಟೆ ಮಲಗಿಸಿ ತಿಕ್ಕಿದರೆ ನೀರು, ಕೊಳೆ ಎಲ್ಲ ಶ್ವಾಸಕೋಶಕ್ಕೆ ಇಳಿಯಬಹುದು. ಸಣ್ಣ ತಲೆಯ ಬ್ರಶ್, ಒಂದು ಚೂರು ಫ್ಲೋರೈಡ್ ಪೇಸ್ಟ್ ಸಾಕು. ಇನ್ನೊಂದು ಬ್ರಶ್ಶಿನ ಹಿಡಿಯಿಂದ ಕೆನ್ನೆಯನ್ನು ಪಕ್ಕಕ್ಕೆ ಸರಿಸಿಕೊಳ್ಳುತ್ತೇವೆ. ಹಲ್ಲಿನ ನಡುವೆ ಬೆರಳು ಇಡಬಾರದು. ಕಚ್ಚುತ್ತಾರೆ, ಬೇಕೆಂದು ಅಲ್ಲ.

ಇದು ಬಾಯಿ ವಾಸನೆಯ ವಿಷಯ ಮಾತ್ರ ಅಲ್ಲ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನೋಡಿದ್ದಾರೆ. ಸಿಬ್ಬಂದಿಯೇ ಬಾಯಿ ತೊಳೆದ ಗುಂಪಿನಲ್ಲಿ ನ್ಯುಮೋನಿಯಾ ಬಂದದ್ದು ನೂರಕ್ಕೆ 11 ಜನರಿಗೆ. ಹಾಗೆ ಮಾಡದ ಗುಂಪಿನಲ್ಲಿ ನೂರಕ್ಕೆ 19 ಜನರಿಗೆ. 2002ರಲ್ಲಿ ಪ್ರಕಟವಾದ ಲೆಕ್ಕ ಇದು. ಶಿರಸಿಯ ಮಳೆಗಾಲದಲ್ಲಿ ಕಫ ಕಟ್ಟಿ ಒದ್ದಾಡುವ ಹಿರಿಯರನ್ನು ನೋಡಿದವರಿಗೆ ಆ ಎಂಟು ಜನ ಎಂದರೆ ಎಷ್ಟು ಎಂದು ಗೊತ್ತು.

ಮರೆವಿನ ಕಾಯಿಲೆ ಇರುವ ಒಬ್ಬ ಅಜ್ಜಿ ಕಾರವಾರ ಕಡೆಯವರು. ಕನ್ನಡ ಮರೆತುಹೋಗಿದೆ, ಕೊಂಕಣಿ ಮಾತ್ರ ಉಳಿದಿದೆ. ಬ್ರಶ್ ಕಂಡರೆ ಹೊಡೆಯುತ್ತಿದ್ದರು. ಅವರ ಭಾಷೆ ಬರುವ ಆಯಾ ಮಾತಾಡಿಸಿದಳು. ಚಿಕ್ಕವರಿದ್ದಾಗ ಮಾವಿನ ಎಲೆಯಲ್ಲಿ ಹಲ್ಲು ತಿಕ್ಕುತ್ತಿದ್ದರಂತೆ. ಅಂಗಳದಿಂದ ಎಲೆ ಕಿತ್ತು, ತೊಳೆದು, ಸುರುಳಿ ಸುತ್ತಿ ಕೈಗೆ ಕೊಟ್ಟೆ. ತಾವೇ ಬಾಯಿಗಿಟ್ಟು ತಿಕ್ಕಲು ಶುರು ಮಾಡಿದರು. ಎಡಗೈಯಲ್ಲಿ ಎಲೆ ಇರುವಾಗಲೇ ಬಲಗೈಗೆ ಬ್ರಶ್ ಕೊಟ್ಟು, ಆ ಕೈಯ ಮೇಲೆ ನನ್ನ ಕೈ ಇಟ್ಟೆ. ಈಗ ದಿನವೂ ಹೀಗೆಯೇ. ಎಲೆ ಇಲ್ಲದಿದ್ದರೆ ಬ್ರಶ್ ಇಲ್ಲ.

ಕಷ್ಟಗಳು ಮುಗಿದಿಲ್ಲ. ಹಲ್ಲು ಕಿತ್ತ ಮೇಲೆ ದವಡೆ ಎಲುಬು ವರ್ಷ ವರ್ಷ ಸವೆಯುತ್ತದೆ, ಸೆಟ್ ಸಡಿಲವಾಗುತ್ತದೆ. ಹೊಸದಕ್ಕೆ ನಾಲ್ಕೈದು ಸಲ ಹೋಗಬೇಕು. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಸೆಟ್ ಕೊಡುವ ದಂತ ಭಾಗ್ಯದಂತಹ ಸರ್ಕಾರಿ ಯೋಜನೆ ಬಂತು ನಿಜ. ಆದರೆ ಅದಕ್ಕೆ ಹೋಗಬೇಕಾದ ದಂತ ಕಾಲೇಜು ಇರುವುದು ಧಾರವಾಡದಲ್ಲಿ. ಕೂರಲೂ ಆಗದವರನ್ನು ಅಷ್ಟು ದೂರ ನಾಲ್ಕೈದು ಸಲ ಹೇಗೆ ಕರೆದುಕೊಂಡು ಹೋಗುವುದು? ದಂತವೈದ್ಯರೇ ಆಶ್ರಮಕ್ಕೆ ಬಂದು ಅಳತೆ ತೆಗೆಯುವ ವ್ಯವಸ್ಥೆ ಆಗಬೇಕು. ಎಲ್ಲಿ ಹೋದರೂ ಕೇಳುತ್ತಲೇ ಇದ್ದೇನೆ.

ರಾತ್ರಿ ಸೆಟ್ ತೆಗೆಯಲು ಒಪ್ಪದ ಅಮ್ಮಮ್ಮ ಒಬ್ಬರಿದ್ದರು. ಗಂಡನ ಎದುರೂ ಹಲ್ಲಿಲ್ಲದೆ ಕೂತವರಲ್ಲ ಅವರು. ಪಕ್ಕದ ಮಂಚದವರು ನೋಡುತ್ತಾರೆ ಎಂದು ಸಂಕೋಚ. ಈಗ ನಾನು ರಾತ್ರಿ ಪಾಳಿಯಲ್ಲಿದ್ದರೆ ಅವರ ಹತ್ತಿರ ಕೊನೆಗೆ ಹೋಗುತ್ತೇನೆ. ಲೈಟ್ ಆರಿಸುತ್ತೇನೆ. ಕತ್ತಲಲ್ಲಿ ಕೈ ಚಾಚಿ ಸೆಟ್ಟನ್ನು ನನ್ನ ಅಂಗೈಯಲ್ಲಿ ಇಡುತ್ತಾರೆ. ಬೆಳಿಗ್ಗೆ ಬೇರೆಯವರು ಏಳುವ ಮೊದಲೇ ತೊಳೆದು ತಂದು ಕೊಡುತ್ತೇನೆ.