ಎನ್-400, ಪೊಲೀಸ್ ವ್ಯಾನು, ಉಪ್ಪಿಟ್ಟು: ಅಮೆರಿಕದ ವಲಸೆ ಕಾನೂನು ಕಲಿತ ನನ್ನ ಅನುಭವ

ಯಜಮಾನರ ಕೆಲಸದ ವೀಸಾದ ಜೊತೆ ಸಿಗುವ ಎಚ್-4 ವೀಸಾದಲ್ಲಿ ನ್ಯೂಜೆರ್ಸಿಗೆ ಬಂದು ಎರಡು ವರ್ಷ ಕಳೆದರೂ ಆ ‘ಎಚ್’ ಎಲ್ಲಿಂದ ಬಂತು ಅಂತ ನಾನು ಯೋಚಿಸಿರಲಿಲ್ಲ. ಹಾಸನದ ಕೋರ್ಟಿನಲ್ಲಿ ಮೂರು ವರ್ಷ ವಕಾಲತ್ತು ಮಾಡಿದವಳು ನಾನು. ನಾನೇ ಯಾವ ಕಾನೂನಿನಡಿ ಈ ದೇಶದಲ್ಲಿ ಕೂತಿದ್ದೇನೆ ಅನ್ನೋದು ಗೊತ್ತಿರಲಿಲ್ಲ ಅಂದರೆ ನಾಚಿಕೆ ಅಲ್ವಾ?

ಮನೆ ಹತ್ತಿರ ವಲಸಿಗರಿಗೆ ನೆರವಾಗುವ ಒಂದು ಸಣ್ಣ ಸಂಸ್ಥೆ ಇತ್ತು. ಸುಮ್ನೆ ಮನೆಯಲ್ಲಿ ಕೂರೋದಕ್ಕಿಂತ ಮೇಲು ಅಂತ ಅಲ್ಲಿಗೆ ಸಂಬಳವಿಲ್ಲದೆ ಹೋಗತೊಡಗಿದೆ. ಕಡತ ಜೋಡಿಸೋದು, ಜೆರಾಕ್ಸ್ ತೆಗೆಯೋದು ಕೆಲಸ. ಅಲ್ಲಿದ್ದ ಹಿರಿಯ ವಕೀಲೆ ಒಂದು ವಾರ ನೋಡಿದರು. ಆಮೇಲೆ ಒಂದು ದಪ್ಪ ಪುಸ್ತಕ ತಂದು ಮೇಜಿನ ಮೇಲಿಟ್ಟು, ‘101(ಎ)(15) ಓದಿ, ನಾಳೆ ಮಾತಾಡೋಣ’ ಅಂದರು.

ಅದು 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆ. ಎಷ್ಟೋ ಸಲ ತಿದ್ದುಪಡಿ ಆಗಿದೆ, ಆದರೆ ಇವತ್ತಿಗೂ ಎಲ್ಲಕ್ಕೂ ಬುಡ ಅದೇ. ಆ 15ನೇ ಉಪವಿಧಿಯಲ್ಲಿ ತಾತ್ಕಾಲಿಕವಾಗಿ ಬರುವವರನ್ನು ಅಕ್ಷರಮಾಲೆಯ ಹಾಗೆ ಸಾಲಾಗಿ ನಿಲ್ಲಿಸಿದ್ದಾರೆ. ‘ಎ’ ಅಂದರೆ ರಾಜತಾಂತ್ರಿಕರು, ‘ಬಿ’ ಪ್ರವಾಸಿಗಳು, ‘ಎಫ್’ ವಿದ್ಯಾರ್ಥಿಗಳು. ಹಾಗೇ ಕೆಳಗಿಳಿದರೆ (ಎಚ್)(i)(ಬಿ) ಸಿಗುತ್ತದೆ. ಅದೇ ಎಚ್-1ಬಿ, ನುರಿತ ಕೆಲಸಗಾರರ ವೀಸಾ! ಬೆಂಗಳೂರಿನಲ್ಲಿ ಮದುವೆ ಮಾತುಕತೆಯಲ್ಲೂ ಬಾಯಲ್ಲಾಡುವ ಆ ಹೆಸರು ಬರೀ ಒಂದು ಉಪವಿಧಿಯ ಸಂಖ್ಯೆ. ಆವತ್ತು ರಾತ್ರಿ ಯಜಮಾನರಿಗೆ ತೋರಿಸಿದೆ. ಹದಿನೈದು ದಿನ ಎಲ್ಲರಿಗೂ ಇದನ್ನೇ ಹೇಳಿಕೊಂಡು ತಿರುಗಿದೆ.

ಒಂದು ತೊಡಕು ಮೊದಲೇ ಹೇಳಿಬಿಡುತ್ತೇನೆ. ಈ ಕಾಯ್ದೆಯ ವಿಧಿಗಳಿಗೆ ಎರಡೆರಡು ಸಂಖ್ಯೆ. ವಕೀಲರು ‘212’ ಅನ್ನುವ ವಿಧಿ ಕಾನೂನು ಸಂಹಿತೆಯಲ್ಲಿ ‘1182’. ಮನೆಯಲ್ಲಿ ಪುಟ್ಟಿ, ಶಾಲೆಯಲ್ಲಿ ವಿಜಯಲಕ್ಷ್ಮಿ ಇದ್ದ ಹಾಗೆ. ಇದು ತಿಳಿಯದೆ ಮೊದಲ ತಿಂಗಳು ಒಂದೇ ವಿಧಿಗೆ ಎರಡು ಕಡೆ ಟಿಪ್ಪಣಿ ಬರೆದುಕೊಂಡಿದ್ದೆ.

ಓದೋಕೆ ದುಡ್ಡು ಖರ್ಚು ಮಾಡಲಿಲ್ಲ. ಕಾಯ್ದೆ, ಅದರ ಕೆಳಗಿನ ನಿಯಮಾವಳಿ, ವಲಸೆ ಇಲಾಖೆಯ ನೀತಿ ಕೈಪಿಡಿ, ವೀಸಾ ಅಧಿಕಾರಿಗಳ ಕೈಪಿಡಿ ಎಲ್ಲವೂ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ನಾನು ಓದಿದ ಕ್ರಮ ಹೀಗಿತ್ತು: 101ರಲ್ಲಿ ವ್ಯಾಖ್ಯೆಗಳು, 212ರಲ್ಲಿ ಯಾರನ್ನು ಒಳಗೆ ಬಿಡಬಾರದು, 237ರಲ್ಲಿ ಒಳಗೆ ಬಂದವರನ್ನು ಯಾವಾಗ ಹೊರಗೆ ಕಳಿಸಬಹುದು, 245ರಲ್ಲಿ ಇಲ್ಲೇ ಇದ್ದುಕೊಂಡು ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿ, ಪಡೆಯೋದು. ಈ ನಾಲ್ಕು ಗಟ್ಟಿಯಾದ ಮೇಲೆ ಉಳಿದದ್ದು ತಾನಾಗಿ ಜಾಗಕ್ಕೆ ಬಂದು ಕೂರುತ್ತದೆ.

ಚರಿತ್ರೆ ಬೇಡ ಅಂದುಕೊಂಡಿದ್ದೆ, ಆದರೆ ಅದಿಲ್ಲದೆ ನಮ್ಮವರ ಗ್ರೀನ್ ಕಾರ್ಡ್ ಸಾಲು ಅರ್ಥವಾಗಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ಪೌರರಾಗೋಕೆ ಅರ್ಹರಲ್ಲ ಅಂದಿತು. 1946ರಲ್ಲಿ ಬಾಗಿಲು ತೆಗೆದರು, ಎಷ್ಟು ಜನಕ್ಕೆ? ವರ್ಷಕ್ಕೆ 100. ಒಂದು ಮದುವೆ ದಿಬ್ಬಣದಷ್ಟೂ ಇಲ್ಲ. 1965ರ ಕಾಯ್ದೆ ಹಳೆಯ ದೇಶವಾರು ಕೋಟಾವನ್ನು ಕಿತ್ತುಹಾಕಿತು. 1990ರ ಕಾಯ್ದೆ ಕೆಲಸದ ಆಧಾರದ ಗ್ರೀನ್ ಕಾರ್ಡುಗಳನ್ನು ವರ್ಷಕ್ಕೆ ಸುಮಾರು 1,40,000 ಅಂತ ಗೊತ್ತುಮಾಡಿತು. ಯಾವ ದೇಶದವರಿಗೂ ಶೇ 7ಕ್ಕಿಂತ ಜಾಸ್ತಿ ಇಲ್ಲ. ದೇಶ ಸಣ್ಣದೋ ದೊಡ್ಡದೋ, ಪಾಲು ಅಷ್ಟೇ. ಲೆಕ್ಕಕ್ಕೆ ಬರೋದು ಹುಟ್ಟಿದ ದೇಶ, ಪಾಸ್‌ಪೋರ್ಟ್ ಯಾವುದು ಅನ್ನೋದಲ್ಲ. ಗಂಡ ಹಾಸನದಲ್ಲಿ, ಹೆಂಡತಿ ದುಬೈಯಲ್ಲಿ ಹುಟ್ಟಿದ್ದರೆ ಅವಳ ಜನ್ಮಸ್ಥಳದ ಸಾಲಿನಲ್ಲಿ ಇಬ್ಬರೂ ನಿಲ್ಲಬಹುದು. ಇದನ್ನು ಹೇಳಿದಾಗ ಒಂದು ದಂಪತಿ ನನ್ನ ಮುಂದೆಯೇ ಬೆಪ್ಪಾಗಿ ಕೂತಿದ್ದರು. ಆರು ವರ್ಷದಿಂದ ತಪ್ಪು ಸಾಲಿನಲ್ಲಿ ನಿಂತಿದ್ದರು.

ಓದಿದ್ದು ತಲೆಗೆ ಹತ್ತಿತೋ ಇಲ್ಲವೋ ನೋಡೋಕೆ ವಕೀಲೆ ಒಂದು ಹೋಮ್‌ವರ್ಕ್ ಕೊಟ್ಟರು. ನನ್ನ ಮನೆಯವರ ಕಾಗದಪತ್ರವನ್ನೇ ಒಂದು ಕೇಸಿನ ಹಾಗೆ ಬರೆದು ತರಬೇಕು. ಯಾರು, ಯಾವಾಗ, ಹೇಗೆ ಒಳಗೆ ಬಂದರು, ಇವತ್ತಿನ ಸ್ಥಿತಿ ಏನು, ಎಲ್ಲಿಯವರೆಗೆ. ನಾನು ಚೆನ್ನಾಗಿ ಬರೆದು ತಂದೆ. ಅವರು ಒಂದೇ ಪ್ರಶ್ನೆ ಕೇಳಿದರು: ‘ಈ ಕೊನೆಯ ತಾರೀಖು ಎಲ್ಲಿಂದ ಬರೆದಿರಿ?’

ವೀಸಾ ಸ್ಟಿಕರ್‌ನಿಂದ ಬರೆದಿದ್ದೆ.

ವೀಸಾ ಇರೋದು ಬಾಗಿಲು ತಟ್ಟೋಕೆ. ಒಳಗೆ ಎಷ್ಟು ದಿನ ಇರಬಹುದು ಅಂತ ಹೇಳೋದು ಐ-94 ಅನ್ನೋ ದಾಖಲೆ. ವಿಮಾನದಲ್ಲಿ ಬರುವವರಿಗೆ 2013ರಿಂದ ಅದನ್ನು ಕಾಗದದಲ್ಲಿ ಕೊಡೋದು ನಿಂತಿದೆ, ನಾವೇ ಆನ್‌ಲೈನ್‌ನಲ್ಲಿ ತೆಗೆದು ನೋಡಬೇಕು. ತೆಗೆದೆ. ಯಜಮಾನರದು ಸರಿಯಿತ್ತು. ನನ್ನದರಲ್ಲಿ ಉಳಿದಿದ್ದು 19 ದಿನ!

ಆಗಿದ್ದು ಇಷ್ಟೇ. ಹಿಂದಿನ ಸಲ ಊರಿಂದ ಬಂದಾಗ ನನ್ನ ಹಳೆಯ ಪಾಸ್‌ಪೋರ್ಟ್ ಬೇಗ ಮುಗಿಯೋದಿತ್ತು. ವಿಮಾನ ನಿಲ್ದಾಣದಲ್ಲಿ ಅಲ್ಲಿಯವರೆಗೆ ಮಾತ್ರ ಕೊಟ್ಟಿದ್ದರು. ಆಮೇಲೆ ನಾನು ಹೊಸ ಪಾಸ್‌ಪೋರ್ಟ್ ಮಾಡಿಸಿದೆ, ಎಲ್ಲ ಸರಿಹೋಯಿತು ಅಂದುಕೊಂಡೆ. ಪಾಸ್‌ಪೋರ್ಟ್ ಹೊಸದಾದರೆ ಐ-94 ತಾನಾಗಿ ಮುಂದಕ್ಕೆ ಹೋಗಲ್ಲ. ನೋಡದೆ ಇದ್ದಿದ್ದರೆ ಅನುಮತಿ ಇಲ್ಲದೆ ಉಳಿದ ದಿನಗಳು ಸುಮ್ಮನೆ ಏರುತ್ತಿದ್ದವು. 180 ದಿನಕ್ಕಿಂತ ಜಾಸ್ತಿ ಹಾಗೆ ಉಳಿದು ದೇಶ ಬಿಟ್ಟರೆ 3 ವರ್ಷ, ಒಂದು ವರ್ಷ ದಾಟಿದ್ದರೆ 10 ವರ್ಷ ವಾಪಸ್ ಬರುವ ಹಾಗಿಲ್ಲ. ಯಾವುದೋ ದೀಪಾವಳಿಗೆ ಊರಿಗೆ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತಿದ್ದೆ. ವಾಸದ ಅವಧಿ ಮುಂದುವರಿಸಲು ಕೇಳುವ ಐ-539 ಅರ್ಜಿ ನಾನೇ ತುಂಬಿ, ವಕೀಲೆ ಎರಡು ಸಲ ನೋಡಿ, ಗಡುವಿನೊಳಗೆ ಕಳಿಸಿದೆವು. ನಾನು ತುಂಬಿದ ಮೊದಲ ಅರ್ಜಿ ನನ್ನದೇ. ಈಗಲೂ ಯಾರೇ ಬರಲಿ, ‘ಕಾಫಿ ಆಮೇಲೆ, ಮೊದಲು ಐ-94 ತೆಗೀರಿ’ ಅನ್ನುತ್ತೇನೆ.

ಕಷ್ಟವಾಗಿದ್ದು ಬಾಯಿ ಮುಚ್ಚಿಕೊಂಡಿರೋದು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಒಬ್ಬಟ್ಟು ಬಡಿಸುತ್ತಲೇ ‘ನೀವು ಲಾ ಓದಿದ್ದೀರಂತೆ, ಒಂದು ನಿಮಿಷ’ ಅಂತ ಶುರುಮಾಡುತ್ತಾರೆ. ಇಂಡಿಯಾದ ಎಲ್‌ಎಲ್‌ಬಿ ಇಟ್ಟುಕೊಂಡು ಇಲ್ಲಿ ಸಲಹೆ ಕೊಡುವ ಹಾಗಿಲ್ಲ, ಕಾನೂನುಬಾಹಿರ. ಯಾವ ಫಾರ್ಮ್ ಹಾಕಬೇಕು ಅಂತ ಹೇಳೋದೂ ಸಲಹೆಯೇ. ಆದರೆ ವಕೀಲರಲ್ಲದವರಿಗೂ ಒಂದು ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಸರ್ಕಾರದ ಮಾನ್ಯತೆ ಇರುವ ಲಾಭರಹಿತ ಸಂಸ್ಥೆಯೊಂದು ನಿಮ್ಮ ಪರವಾಗಿ ನ್ಯಾಯ ಇಲಾಖೆಗೆ ಅರ್ಜಿ ಹಾಕಿದರೆ, ನೀವು ‘ಮಾನ್ಯತೆ ಪಡೆದ ಪ್ರತಿನಿಧಿ’ ಆಗಬಹುದು. ವಲಸೆ ಕಾನೂನಿನ ತರಬೇತಿ, ಅನುಭವ, ಒಳ್ಳೆಯ ನಡತೆ ಇವಕ್ಕೆಲ್ಲ ಪುರಾವೆ ಕೊಡಬೇಕು. ಭಾಗಶಃ ಮಾನ್ಯತೆ ಇದ್ದರೆ ವಲಸೆ ಇಲಾಖೆಯ ಮುಂದೆ ಮಾತ್ರ, ಪೂರ್ಣ ಇದ್ದರೆ ವಲಸೆ ಕೋರ್ಟಿನಲ್ಲೂ ನಿಲ್ಲಬಹುದು. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ನನ್ನದು ಭಾಗಶಃ. ಅಷ್ಟಕ್ಕೇ ಕೈತುಂಬ ಕೆಲಸ ಇದೆ.

ಕೆಲಸದ ನಿಜವಾದ ರುಚಿ ಹತ್ತಿದ್ದು ಅರಸೀಕೆರೆ ಕಡೆಯ ಒಬ್ಬ ಅಜ್ಜಿಯ ಎನ್-400ರಲ್ಲಿ. ಅಂದರೆ ಪೌರತ್ವದ ಅರ್ಜಿ. ಮಗ ಗ್ರೀನ್ ಕಾರ್ಡ್ ಮಾಡಿಸಿ 16 ವರ್ಷ ಆಗಿತ್ತು. 55 ದಾಟಿ, ಗ್ರೀನ್ ಕಾರ್ಡ್ ಬಂದು 15 ವರ್ಷ ಆದವರಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲ. ಸರ್ಕಾರ, ಚರಿತ್ರೆಯ ಪ್ರಶ್ನೆಗಳಿಗೆ ತಮ್ಮ ಭಾಷೆಯಲ್ಲೇ ಉತ್ತರ ಹೇಳಬಹುದು. ‘ಕನ್ನಡದಲ್ಲೇ? ದಿಟವಾಗ್ಲೂ?’ ಅಂತ ಅಜ್ಜಿ ಮೂರು ಸಲ ಕೇಳಿದರು. ಆಗ ಪಟ್ಟಿಯಲ್ಲಿ 100 ಪ್ರಶ್ನೆ ಇದ್ದವು, ಹತ್ತು ಕೇಳಿದರೆ ಆರು ಸರಿ ಹೇಳಬೇಕಿತ್ತು. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ 128 ಪ್ರಶ್ನೆ, ಇಪ್ಪತ್ತರಲ್ಲಿ ಹನ್ನೆರಡು.

ಪರೀಕ್ಷೆಗಿಂತ ಪ್ರಯಾಣದ ಲೆಕ್ಕ ದೊಡ್ಡ ತಲೆನೋವು. ಅಜ್ಜಿ ಪ್ರತಿ ವರ್ಷ ಚಳಿ ಶುರುವಾದರೆ ಊರಿಗೆ, ಐದು ತಿಂಗಳು. ಅವರ ಊಟದ ಮೇಜಿನ ಮೇಲೆ ಎರಡು ಪಾಸ್‌ಪೋರ್ಟ್ ಹರಡಿಕೊಂಡು ಒಂದೊಂದೇ ಮುದ್ರೆ ಓದಿದೆವು. ಕೆಲವು ಮಸಿ ಹರಡಿ 3ರೋ 8ರೋ ತಿಳಿಯದ ಹಾಗಿದ್ದವು. ಅರ್ಜಿಗೆ ಮುಂಚಿನ ಐದು ವರ್ಷದಲ್ಲಿ ಅರ್ಧಕ್ಕಿಂತ ಕಡಿಮೆಯಿಲ್ಲದ ಹಾಗೆ ಇಲ್ಲಿ ಇದ್ದಿರಬೇಕು, ಅದು ದಾಟಿತು. ಆದರೆ ಒಂದು ಸಲ ಮಂಡಿ ಆಪರೇಷನ್ ಅಂತ ಏಳು ತಿಂಗಳು ಉಳಿದಿದ್ದರು. ಆರು ತಿಂಗಳು ದಾಟಿದರೆ ವಾಸ ಕಡಿದುಹೋಗಿದೆ ಅಂತಲೇ ಇಲಾಖೆ ಅಂದುಕೊಳ್ಳುತ್ತದೆ, ಇಲ್ಲ ಅಂತ ತೋರಿಸೋದು ನಮ್ಮ ಕೆಲಸ. ಆಸ್ಪತ್ರೆ ಡಿಸ್‌ಚಾರ್ಜ್ ಚೀಟಿ, ಇಲ್ಲಿನ ತೆರಿಗೆ ಕಾಗದ, ರದ್ದು ಮಾಡಿದ ವಾಪಸ್ ಟಿಕೆಟ್ ಎಲ್ಲ ಸೇರಿಸಿದೆವು. ಒಂದು ಚೀಟಿ ಕನ್ನಡದಲ್ಲಿತ್ತು. ಅನುವಾದಕ್ಕೆ ನೋಟರಿ ಬೇಕಿಲ್ಲ. ಅನುವಾದ ಪೂರ್ತಿಯಾಗಿದೆ, ಸರಿಯಾಗಿದೆ, ನನಗೆ ಎರಡೂ ಭಾಷೆ ಬರುತ್ತೆ ಅಂತ ಅನುವಾದ ಮಾಡಿದವರು ಬರೆದು ಸಹಿ ಹಾಕಿದರೆ ಸಾಕು. ಇದಕ್ಕೂ ನೋಟರಿಗೆ ದುಡ್ಡು ಸುರಿಯುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಬಂದಿದ್ದು ಅಪರಾಧದ ಪ್ರಶ್ನೆಗಳು. ಯಾವ ದೇಶದಲ್ಲಾದರೂ, ಯಾವ ಕಾರಣಕ್ಕಾದರೂ, ಪೊಲೀಸರು ಬಂಧಿಸಿದ್ದು, ತಡೆದಿಟ್ಟದ್ದು ಇದೆಯಾ?

‘ಅಯ್ಯೋ, ನಾನೇನು ಕಳ್ಳಿಯಾ?’ ಅಂದರು ಅಜ್ಜಿ. ‘ಇಲ್ಲ’ಕ್ಕೆ ಗುರುತು ಹಾಕೋಣ ಅಂತ ಪೆನ್ನು ಎತ್ತಿದೆ. ಹಾಸನದ ಅಭ್ಯಾಸ, ಇನ್ನೊಂದು ಸಲ ಬೇರೆ ಮಾತಿನಲ್ಲಿ ಕೇಳಿದೆ: ‘ಪೊಲೀಸ್ ವ್ಯಾನ್ ಯಾವತ್ತಾದರೂ ಹತ್ತಿದ್ದೀರಾ ಅಜ್ಜಿ?’

‘ಓ, ಅದಾ! ರೈತ ಸಂಘದೋರ ರಸ್ತೆ ತಡೆಯಲ್ಲಿ ಹತ್ತಿದ್ದೆ. ಕಲ್ಯಾಣ ಮಂಟಪದಾಗೆ ಕೂರ್ಸಿ, ಉಪ್ಪಿಟ್ಟು ಕೊಟ್ಟು ಸಂಜೆಗೆ ಬಿಟ್ರು. ಅದನ್ನೂ ಬರೀಬೇಕೇನವ್ವಾ?’

ಬರೆಯಲೇಬೇಕು. ಆ ಸಂಜೆಯ ಉಪ್ಪಿಟ್ಟಿನಿಂದ ಪೌರತ್ವ ತಪ್ಪಲ್ಲ. ಆದರೆ ಕೇಳಿದ್ದಕ್ಕೆ ಇಲ್ಲ ಅಂದು, ಸಂದರ್ಶನದಲ್ಲಿ ಮಾತಿಗೆ ಮಾತು ಬಂದು ಹೊರಬಿದ್ದರೆ, ಅದು ಸುಳ್ಳು ಹೇಳಿಕೆಯ ಪ್ರಶ್ನೆ ಆಗುತ್ತದೆ. ‘ಹೌದು’ ಅಂತ ಗುರುತು ಹಾಕಿ, ಅರ್ಧ ಪುಟದ ವಿವರಣೆ ಬರೆದೆವು: 1980ರ ದಶಕ, ರೈತರ ಪ್ರತಿಭಟನೆ, ಕೇಸು ಹಾಕಿಲ್ಲ, ಕೋರ್ಟಿಗೆ ಕರೆದಿಲ್ಲ. ಉಪ್ಪಿಟ್ಟನ್ನು ವಕೀಲೆ ಹೊಡೆದುಹಾಕಿದರು. ಸಂದರ್ಶನದಲ್ಲಿ ಅಧಿಕಾರಿ ಆ ಪುಟ ಓದಿ, ಬೆಳೆಗೆ ಬೆಲೆ ಸಿಕ್ಕಿತಾ ಅಂತ ಕೇಳಿದರು. ದುಭಾಷಿ ಕನ್ನಡಕ್ಕೆ ತಿರುಗಿಸುವಷ್ಟರಲ್ಲಿ ಅಜ್ಜಿ ತಲೆ ಅಲ್ಲಾಡಿಸಿಬಿಟ್ಟಿದ್ದರು.

ಪ್ರಮಾಣವಚನಕ್ಕೆ ಹೋಗುವ ಮುಂಚೆ ಅವರಿಗಿದ್ದ ಚಿಂತೆ ಒಂದೇ, ಊರಿನ ತೆಂಗಿನ ತೋಟ. ಅಮೆರಿಕದ ಪೌರತ್ವ ತೆಗೆದುಕೊಂಡ ಕ್ಷಣ ಭಾರತದ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟ್ ಒಪ್ಪಿಸಬೇಕು, ಬೇಕಿದ್ದರೆ ಒಸಿಐ (ಸಾಗರೋತ್ತರ ಭಾರತೀಯರ ಕಾರ್ಡು) ಮಾಡಿಸಿಕೊಳ್ಳಬಹುದು. ಒಸಿಐ ಇದ್ದವರು ಅಲ್ಲಿ ಹೊಸದಾಗಿ ಕೃಷಿ ಜಮೀನು ಕೊಳ್ಳುವ ಹಾಗಿಲ್ಲ, ಅಲ್ಲಿ ಇದ್ದಾಗ ಬಂದ ಜಮೀನು ಇಟ್ಟುಕೊಳ್ಳಬಹುದು. ನನ್ನ ಹಳೆಯ ಎಲ್‌ಎಲ್‌ಬಿ ಅವತ್ತು ಕೆಲಸಕ್ಕೆ ಬಂತು. ‘ತೋಟ ನಿಮ್ಮದೇ ಇರುತ್ತೆ ಅಜ್ಜಿ, ಹೊಸದು ತಗೊಳ್ಳೋಕೆ ಮಾತ್ರ ಆಗಲ್ಲ’ ಅಂದೆ.

‘ಹೊಸದು ಯಾರಿಗೆ ಬೇಕವ್ವಾ’ ಅಂದರು. ‘ಇರೋದಕ್ಕೇ ಕಾಯಿ ಕೀಳೋರು ಸಿಗ್ತಿಲ್ಲ.’