ಹೊಲದ ಒಲೆಗೆ ಒಂದು ಹಂಚು ಮಾಡಿಸಿದ್ದು

ಕ್ಯಾಂಪಿಂಗ್ ಸೆಟ್ ಅಂತ ಮಾರುವ ಪಾತ್ರೆಗಳನ್ನು ನೀವೂ ನೋಡಿರಬಹುದು. ಒಂದರೊಳಗೊಂದು ಕೂರುವ ತೆಳು ಅಲ್ಯೂಮಿನಿಯಂ ಬೋಗುಣಿ, ಮಡಚುವ ಹಿಡಿಕೆ, ಅಂಗೈಗಿಂತ ಸ್ವಲ್ಪ ದೊಡ್ಡ ಪ್ಯಾನ್. ಚಹಾ ಕಾಸಲು, ನೂಡಲ್ಸ್ ಕುದಿಸಲು ಚೆನ್ನಾಗಿದೆ. ಆದರೆ ನಮ್ಮ ಹುಬ್ಬಳ್ಳಿ ಮಂದಿ ಹೊರಗೆ ಹೊರಟರೆ ನೂಡಲ್ಸ್ ಯಾರಿಗೆ ಬೇಕು? ಬಿಸಿ ಜೋಳದ ರೊಟ್ಟಿ ಬೇಕು, ಝುಣಕ ಬೇಕು, ಬದನೆಕಾಯಿ ಎಣಗಾಯಿ ಬೇಕು. ಆ ಪ್ಯಾನಿನ ಮೇಲೆ ರೊಟ್ಟಿ ಹಾಕಿದರೆ ನಡುವೆ ಕರಕಲು, ಅಂಚಿನಲ್ಲಿ ಹಸಿ. ಅದಕ್ಕೇ ಹಂಚನ್ನು ನಾನು ಮಾಡಿಸಿಕೊಂಡೆ. ಉಳಿದ ಪಾತ್ರೆಗಳನ್ನು ಮನೆಯಿಂದಲೇ ಒಯ್ಯುತ್ತೇನೆ.

ನಾವು ಹೋಗುವುದು ಹೆಚ್ಚಾಗಿ ಗೆಳೆಯರ ಹೊಲಗಳಿಗೆ. ಕೆಲವು ಡಂಬಳ, ಶಿರಹಟ್ಟಿ ಕಡೆ ಇವೆ, ಕೆಲವು ನವಲಗುಂದ, ನರಗುಂದದ ಕಡೆ. ಕಪ್ಪತಗುಡ್ಡದ ಒಳಗೆ ಒಲೆ ಹೂಡುವ ಮಾತೇ ಇಲ್ಲ. 2019ರಿಂದ ಅದು ವನ್ಯಜೀವಿ ಧಾಮ. ಅದೂ ಅಲ್ಲದೆ ಬೇಸಿಗೆಯಲ್ಲಿ ಅಲ್ಲಿನ ಒಣಹುಲ್ಲಿಗೆ ಒಂದು ಕಿಡಿ ಸಾಕು. ಹೊಲವಾದರೂ ಅಷ್ಟೇ, ಸುತ್ತ ಒಂದು ಮಾರು ಕಸ ಕೆರೆದು ತೆಗೆದು, ಪಕ್ಕದಲ್ಲಿ ಒಂದು ಕೊಡ ನೀರು ಇಟ್ಟುಕೊಂಡೇ ಬೆಂಕಿ ಹಚ್ಚುತ್ತೇವೆ.

ಹೊರಗಿನ ಅಡುಗೆ ಬಗ್ಗೆ ನಾನು ಜಾಸ್ತಿ ಕಲಿತದ್ದು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗುವವರಿಂದ. ದಾರಿಬದಿಯಲ್ಲಿ ಒಲೆ ಹೂಡಿ ಇಪ್ಪತ್ತು ಮಂದಿಗೆ ಅಡುಗೆ ಇಳಿಸುತ್ತಾರೆ. ಅವರ ಹಂಚನ್ನು ಎತ್ತಿ ನೋಡಿ, ಮನೆಯ ಗ್ಯಾಸ್ ಒಲೆಯ ತವೆಗಿಂತ ತೂಕ ಇರುತ್ತದೆ. ಅದು ಸುಮ್ನೆ ಅಲ್ಲ.

ಹಂಚಿನ ದಪ್ಪ ಎಷ್ಟಿರಬೇಕು ಅಂತ ತೀರ್ಮಾನಿಸುವುದು ಅಡುಗೆ ಅಲ್ಲ, ಉರುವಲು. ಗ್ಯಾಸಿನ ಉರಿ ಒಂದೇ ಸಮ ಇರುತ್ತದೆ, ತೆಳು ತವೆ ಸಾಕು. ಹೊಲದಲ್ಲಿ ಸಿಗುವುದು ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ. ಭುಗ್ ಅಂತ ಎದ್ದು ಎರಡು ನಿಮಿಷದಲ್ಲಿ ಕುಸಿಯುತ್ತವೆ. ಹಾವೇರಿ ಕಡೆ ಕಾಳು ಬಿಡಿಸಿದ ಮೆಕ್ಕೆಜೋಳದ ತೆನೆ ಉರಿಸುತ್ತಾರೆ, ಅದೂ ಹಾಗೆಯೇ. ಜಾಲಿ ಕಟ್ಟಿಗೆ ಸಿಕ್ಕರೆ ಕೆಂಡ ಗಟ್ಟಿ, ಆದರೆ ಎಲ್ಲ ಕಡೆ ಸಿಗುವುದಿಲ್ಲ. ಮೇಲಿಂದ ಗದಗ ಸೀಮೆಯ ಗಾಳಿ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿದ್ದಾರೆಯೇ? ಉರಿ ಏರಿ ಇಳಿಯುವಾಗ ಹಂಚು ತನ್ನ ಬಿಸಿ ಹಿಡಿದಿಟ್ಟುಕೊಳ್ಳಬೇಕು.

ಇದನ್ನು ನಾನು ಲೆಕ್ಕ ಹಾಕಿ ನೋಡಿದೆ. ಒಂದು ರೊಟ್ಟಿ ಬೇಯುವಾಗ 30 ಗ್ರಾಂ ನೀರು ಆವಿಯಾಗುತ್ತದೆ ಅಂತ ಹಿಡಿಯಿರಿ. ಅದಕ್ಕೆ ಸುಮಾರು 68 ಕಿಲೋಜೌಲ್ ಶಾಖ ಬೇಕು. 30 ಸೆಂ.ಮೀ. ಅಗಲದ ಕಬ್ಬಿಣದ ಹಂಚು 2 ಮಿ.ಮೀ. ದಪ್ಪ ಇದ್ದರೆ ಅದರ ತೂಕ 1.1 ಕೆ.ಜಿ. ಕೆಳಗೆ ಉರಿ ಪೂರ್ತಿ ಸತ್ತಿದ್ದರೆ ಆ ಒಂದು ರೊಟ್ಟಿಗೇ ಹಂಚಿನ ಬಿಸಿ 135 ಡಿಗ್ರಿಯಷ್ಟು ಇಳಿಯುತ್ತದೆ. 3 ಮಿ.ಮೀ. ಆದರೆ ತೂಕ 1.65 ಕೆ.ಜಿ., ಇಳಿಯುವುದು 90 ಡಿಗ್ರಿ. 4 ಮಿ.ಮೀ. ಆದರೆ 2.2 ಕೆ.ಜಿ., ಇಳಿಯುವುದು 70ರ ಒಳಗೆ. ಉರಿ ಪೂರ್ತಿ ಸಾಯುವುದಿಲ್ಲ, ನಿಜ. ಆದರೆ ತೆಳು ತವೆಯ ಮೇಲೆ ಎರಡನೇ ರೊಟ್ಟಿ ಯಾಕೆ ಬಿಳಿಚಿಕೊಂಡು ಒಣಗುತ್ತದೆ ಅನ್ನುವುದು ಇದರಲ್ಲೇ ಇದೆ. ನಾನು 4 ಮಿ.ಮೀ. ಆರಿಸಿದೆ. ವಾಹನದಲ್ಲಿ ಹೋಗುವವರಿಗೆ ಅರ್ಧ ಕಿಲೋ ಹೆಚ್ಚಾದರೆ ಏನೂ ಆಗುವುದಿಲ್ಲ.

ಬೇರೆ ಲೋಹ ಯಾಕಲ್ಲ? ಅಲ್ಯೂಮಿನಿಯಂ ಹಗುರ, ಶಾಖವನ್ನು ಕಬ್ಬಿಣಕ್ಕಿಂತ ನಾಲ್ಕು ಪಟ್ಟು ಚೆನ್ನಾಗಿ ಹರಡುತ್ತದೆ. ಗ್ಯಾಸ್ ಒಲೆ ಒಯ್ಯುವವರು ದಪ್ಪನೆಯ ಹಿಂಡಾಲಿಯಂ ತವೆ ತೆಗೆದುಕೊಂಡರೆ ನಾನು ಬೇಡ ಅನ್ನುವುದಿಲ್ಲ. ಆದರೆ ಅಲ್ಯೂಮಿನಿಯಂ ಕರಗುವುದೇ 660 ಡಿಗ್ರಿಗೆ, ಮೆತ್ತಗಾಗುವುದು ಅದಕ್ಕಿಂತ ಬಹಳ ಮೊದಲು. ಜಾಲಿ ಕೆಂಡದ ಮೇಲೆ ಅದನ್ನು ನಾನು ನಂಬುವುದಿಲ್ಲ. ನಾನ್‌ಸ್ಟಿಕ್ ಅಂತೂ ಕಟ್ಟಿಗೆ ಒಲೆಗೆ ಬೇಡವೇ ಬೇಡ. ಆ ಲೇಪನ ತಾಳುವುದು 260 ಡಿಗ್ರಿವರೆಗೆ, ಅದರ ಮೇಲೆ ಕೆಟ್ಟ ಹೊಗೆ ಬಿಡಲು ಶುರು. ಬೀಡಿನ, ಅಂದರೆ ಎರಕದ ಕಬ್ಬಿಣದ, ಹಂಚು ಬೇಯಿಸುವುದರಲ್ಲಿ ಎಲ್ಲಕ್ಕಿಂತ ಮೇಲು. ಆದರೆ ಟ್ರ್ಯಾಲಿಯಿಂದ ಕಲ್ಲಿನ ಮೇಲೆ ಬಿದ್ದರೆ ಎರಡು ಹೋಳು. ಮೆತು ಕಬ್ಬಿಣ ಬಿದ್ದರೆ ಡೊಂಕಾಗಬಹುದು, ಬಡಿದು ಸರಿ ಮಾಡಿದರಾಯಿತು.

ಹುಬ್ಬಳ್ಳಿಯಲ್ಲಿ ಇಂಥ ಕೆಲಸಕ್ಕೆ ಕಷ್ಟ ಇಲ್ಲ. ಗೋಕುಲ ರಸ್ತೆ, ತಾರಿಹಾಳ ಕಡೆ ಫ್ಯಾಬ್ರಿಕೇಶನ್ ಶೆಡ್ಡುಗಳಿವೆ. ಪ್ಲೇಟ್ ಕತ್ತರಿಸಿ ಉಳಿದ ತುಂಡುಗಳನ್ನು ತೂಕದ ಮೇಲೆ ಕೊಡುತ್ತಾರೆ. ಕೇಳಬೇಕಾದದ್ದು ‘ಎಂ.ಎಸ್. ಪ್ಲೇಟ್, ಜಿ.ಐ. ಅಲ್ಲ’ ಅಂತ. ಎಂ.ಎಸ್. ಅಂದರೆ ಮೈಲ್ಡ್ ಸ್ಟೀಲ್, ಅದೇ ಮೆತು ಕಬ್ಬಿಣ. ಜಿ.ಐ. ಅಂದರೆ ಸತುವಿನ ಲೇಪ ಇರುವ ತಗಡು. ಸತು 420 ಡಿಗ್ರಿಗೇ ಕರಗುತ್ತದೆ. ಅದನ್ನು ಬೆಂಕಿಗೆ ಹಿಡಿಯುವುದೂ ಸರಿ ಅಲ್ಲ, ಅದರ ಮೇಲೆ ವೆಲ್ಡಿಂಗ್ ಮಾಡಿದವನಿಗೆ ಆ ಹೊಗೆಯಿಂದ ರಾತ್ರಿ ಚಳಿಜ್ವರವೇ ಬರಬಹುದು. ಟ್ರ್ಯಾಕ್ಟರ್ ಡಿಸ್ಕ್ ಹ್ಯಾರೋದ ಸವೆದ ಡಿಸ್ಕ್ ಕೂಡ ಹಂಚಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ನಿಜ, ಒಳ್ಳೆಯ ಉಕ್ಕು. ಆದರೆ 18 ಇಂಚಿನದು 4 ಮಿ.ಮೀ. ದಪ್ಪ ಇದ್ದರೂ ಐದು ಕೆ.ಜಿ. ದಾಟುತ್ತದೆ, ನಡುವಿನ ಚೌಕಾಕಾರದ ತೂತು ಮುಚ್ಚಿಸಬೇಕು, ಬಣ್ಣ ಪೂರ್ತಿ ತೆಗೆಯಬೇಕು. ಅದರ ಗುಳಿಯೂ ಆಳ. ಪಲಾವ್ ಮಾಡುವವರಿಗೆ ಸರಿ, ರೊಟ್ಟಿಗಲ್ಲ.

ದುಂಡಗೆ ಕತ್ತರಿಸಿದ ಪ್ಲೇಟನ್ನು ಕಮ್ಮಾರರ ಹತ್ತಿರ ಒಯ್ದೆ. ಸಪಾಟು ಪ್ಲೇಟ್ ನಡುವೆ ಮಾತ್ರ ಕಾದರೆ ಅಲ್ಲಿ ಹಿಗ್ಗಿ, ತಣ್ಣಗಿನ ಅಂಚು ಬಿಡದೆ, ಮೇಲಕ್ಕೋ ಕೆಳಕ್ಕೋ ಉಬ್ಬುತ್ತದೆ. ಮೊದಲೇ ಸ್ವಲ್ಪ ತಗ್ಗು ಬಡಿದಿಟ್ಟರೆ ಆ ಆಟ ಇಲ್ಲ, ಎಣ್ಣೆಯೂ ನಡುವೆ ನಿಲ್ಲುತ್ತದೆ. ‘ಕಾಕಾ, ಒಂದ್ ಸ್ವಲ್ಪ ತಗ್ಗ ಮಾಡ್ರಿ’ ಅಂದೆ. ‘ರೊಟ್ಟಿ ಸುಡಾಕೋ, ಭಜಿ ಕರಿಯಾಕೋ?’ ಅಂತ ಕೇಳಿದರು. ರೊಟ್ಟಿಗೆ ಅಂದಮೇಲೆ ಕುಲುಮೆಯಲ್ಲಿ ಕಾಯಿಸಿ, ನಡುವೆ ಒಂದು ಸೆಂ.ಮೀ. ಇಳಿಯುವಷ್ಟು ಮಾತ್ರ ಬಡಿದುಕೊಟ್ಟರು. ಅಂಚಿನ ಚೂಪನ್ನು ಅರದಿಂದ ಉಜ್ಜಿಸಿದೆ.

ಉದ್ದ ಹಿಡಿಕೆ ಬೇಡ ಅಂದೆ. ಚೀಲದಲ್ಲಿ ಕೂರುವುದಿಲ್ಲ, ಒಲೆಯ ಮೇಲೆ ಹಂಚನ್ನು ಒಂದು ಕಡೆ ವಾಲಿಸುತ್ತದೆ. ಬದಲಿಗೆ ಎದುರುಬದುರು ಎರಡು ಸಣ್ಣ ಕಿವಿ, 8 ಮಿ.ಮೀ. ಸರಳಿನವು. ಎತ್ತಲು ಇಕ್ಕಳ ಇದೆಯಲ್ಲ.

ಹೊಸ ಪ್ಲೇಟಿನ ಮೇಲೆ ನೀಲಿ-ಬೂದು ಬಣ್ಣದ ಗಟ್ಟಿ ಪೊರೆ ಇರುತ್ತದೆ, ಕಾರ್ಖಾನೆಯಲ್ಲಿ ಬಿಸಿಯಾಗಿ ಉರುಳಿಸುವಾಗ ಕಟ್ಟಿದ್ದು. ಅದರ ಮೇಲೆ ಎಣ್ಣೆ ಹಿಡಿದರೂ ಮುಂದೆ ಪೊರೆಯ ಜೊತೆ ಕಿತ್ತು ಬರುತ್ತದೆ. ಗ್ರೈಂಡರ್ ಹಾಕಿದರೆ ಬೇಗ ಹೋಗುತ್ತದೆ, ಆದರೆ ಗೀರು ಉಳಿಯುತ್ತವೆ, ಗೀರಿನಲ್ಲಿ ಹಿಟ್ಟು ಕೂರುತ್ತದೆ. ನಾನು ಅಗಲ ಟಬ್ಬಿನಲ್ಲಿ ವಿನೆಗರ್ ಹಾಕಿ ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ತಂತಿಬ್ರಷ್‌ನಿಂದ ತಿಕ್ಕಿ ತೊಳೆದು, ತಕ್ಷಣ ಒಲೆಯ ಮೇಲಿಟ್ಟು ಒಣಗಿಸಿ ಎಣ್ಣೆ ಸವರಿದೆ. ಸ್ವಲ್ಪ ತಡ ಮಾಡಿದರೂ ಕಣ್ಣೆದುರೇ ತುಕ್ಕು ಏರುತ್ತದೆ.

ಪಳಗಿಸಲು ಕುಸುಬಿ ಎಣ್ಣೆ. ನಮ್ಮ ಕಡೆಯದೇ ಬೆಳೆ, ಗಾಣದಲ್ಲಿ ಸಿಗುತ್ತದೆ. ಕುಸುಬಿ, ಅಗಸೆಯಂಥ ಎಣ್ಣೆಗಳು ತೆಳ್ಳಗೆ ಸವರಿ ಕಾಯಿಸಿದರೆ ಒಣಗಿ ಗಟ್ಟಿ ಪದರ ಆಗುತ್ತವೆ. ಅಗಸೆ ಎಣ್ಣೆಯನ್ನು ಬಣ್ಣಕ್ಕೆ ಬೆರೆಸುವುದು ಇದೇ ಗುಣಕ್ಕೆ. ಆದರೆ ಅಗಸೆಯ ಪದರ ದಪ್ಪವಾದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಕುಸುಬಿ ಅಷ್ಟು ಕಾಡುವುದಿಲ್ಲ. ಕೊಬ್ಬರಿ ಎಣ್ಣೆ ಒಣಗುವ ಜಾತಿಯದೇ ಅಲ್ಲ. ಸವರಿದ ಎಣ್ಣೆಯನ್ನು ಬಟ್ಟೆಯಿಂದ ಪೂರ್ತಿ ಒರೆಸಿ, ಇನ್ನೇನೂ ಉಳಿದಿಲ್ಲ ಅನ್ನಿಸಿದ ಮೇಲೆ ಹೊಗೆ ನಿಲ್ಲುವತನಕ ಕಾಯಿಸಬೇಕು. ಮತ್ತೆ ಸವರು, ಮತ್ತೆ ಒರೆಸು. ಕಂದು ಹೋಗಿ ಕಪ್ಪು ಬರುವವರೆಗೆ.

ಇನ್ನು ಒಲೆ. ಡಂಬಳದ ಕಡೆ ಕಲ್ಲಿಗೆ ಬರ ಇಲ್ಲ. ಹಳ್ಳದಲ್ಲಿ ನೆನೆದ ಕಲ್ಲು ಮಾತ್ರ ಬೇಡ, ಒಳಗಿನ ನೀರು ಆವಿಯಾಗಿ ಸಿಡಿಯಬಹುದು. ನರಗುಂದದ ಎರೆಹೊಲದಲ್ಲಿ ಹುಡುಕಿದರೂ ಮೂರು ಕಲ್ಲು ಸಿಗುವುದು ಕಷ್ಟ. ಸಿಕ್ಕರೂ ಮಳೆ ಬಿದ್ದ ಎರೆಮಣ್ಣಿನಲ್ಲಿ ಒಂದೊಂದು ಒಂದೊಂದಷ್ಟು ಹೂಳುತ್ತದೆ, ಹಂಚು ವಾಲಿ ಎಣ್ಣೆ ಒಂದು ಕಡೆಗೆ ಓಡುತ್ತದೆ. ಅದಕ್ಕೆ 10 ಮಿ.ಮೀ. ಸರಳಿನ ಒಂದು ಮುಕ್ಕಾಲಿ ಮಾಡಿಸಿದೆ, ಕಾಲಿನ ಕೆಳಗೆ ಅಗಲ ಪಟ್ಟಿ. ಮೂರು ಕಾಲಿನದು ಎಂಥ ನೆಲದ ಮೇಲೂ ಅಲುಗಾಡುವುದಿಲ್ಲ. ಗಾಳಿಗೆ ಎದುರಾಗಿ ಹಳೆಯ ಎಣ್ಣೆಡಬ್ಬಿ ಬಿಡಿಸಿದ ತಗಡು ನಿಲ್ಲಿಸುತ್ತೇವೆ.

ಹಂಚು ಕಾದಿದೆಯೋ ಇಲ್ಲವೋ ನೋಡಲು ನಾಲ್ಕು ಹನಿ ನೀರು ಚಿಮುಕಿಸಿ. ಚುಂಯ್ ಅಂತ ಹರಡಿ ಆರಿದರೆ ಇನ್ನೂ ಸಾಲದು. ಹನಿ ಮುತ್ತಿನ ಹಾಗೆ ಉರುಳಾಡಿದರೆ 200 ಡಿಗ್ರಿ ಹತ್ತಿರ ಬಂದಿದೆ, ರೊಟ್ಟಿ ಹಾಕಬಹುದು. ಮೊದಲು ರೊಟ್ಟಿ, ಆಮೇಲೆ ಎಣ್ಣೆಯ ಅಡುಗೆ. ಉಲ್ಟಾ ಮಾಡಿದರೆ ಎಣ್ಣೆಗೆ ಹಿಟ್ಟು ಅಂಟಿ ಸೀಯುತ್ತದೆ. ರೊಟ್ಟಿಯ ಒಣ ಬಿಸಿಗೆ ನಡುವಿನ ಕಪ್ಪು ಸ್ವಲ್ಪ ಬೂದಿಯಾಗುತ್ತದೆ, ಆಮೇಲೆ ಉಳ್ಳಾಗಡ್ಡಿ, ಮೊಟ್ಟೆ ಹುರಿದಾಗ ತಾನೇ ಸರಿಹೋಗುತ್ತದೆ. ಬಿಸಿ ಹಂಚಿಗೆ ತಣ್ಣೀರು ಮಾತ್ರ ಸುರಿಯಬೇಡಿ.

ಎಣಗಾಯಿ ಹಂಚಿನಲ್ಲಿ ಬೇಡ. ಹುಣಸೆಹುಳಿ ಬಿದ್ದರೆ ಕಬ್ಬಿಣ ಅದನ್ನು ಕಪ್ಪು ಮಾಡುತ್ತದೆ. ಅದಕ್ಕೆ ಸ್ಟೀಲ್ ಬೋಗುಣಿ ಒಯ್ಯುತ್ತೇನೆ. ಆದರೆ ಸ್ಟೀಲ್ ಶಾಖ ಹರಡುವುದರಲ್ಲಿ ಬಹಳ ಹಿಂದೆ, ಅಲ್ಯೂಮಿನಿಯಂಗೆ ಹೋಲಿಸಿದರೆ ಹತ್ತರಲ್ಲಿ ಒಂದು ಪಾಲೂ ಇಲ್ಲ. ಉರಿಯ ನಾಲಗೆ ತಾಗಿದ ಕಡೆ ತಳ ಹಿಡಿಯುತ್ತದೆ. ಹಾಗಾಗಿ ರೊಟ್ಟಿ ಮುಗಿದ ಹಂಚಿನ ಮೇಲೇ ಬೋಗುಣಿ ಇಡುತ್ತೇನೆ. ಹಂಚು ಶಾಖವನ್ನು ಹಂಚಿ ಕೊಡುತ್ತದೆ, ಬೋಗುಣಿಯ ಗುಂಡುತಳ ಆ ತಗ್ಗಿನಲ್ಲಿ ಚೆನ್ನಾಗಿ ಕೂರುತ್ತದೆ, ಮಸಿಯೂ ಹಿಡಿಯುವುದಿಲ್ಲ. ಬೇಯಲು ಸ್ವಲ್ಪ ತಡ, ಆದರೆ ಯಾರೂ ಕೂತು ತಿರುವುತ್ತಿರಬೇಕಿಲ್ಲ. ನೇರ ಉರಿಗೆ ಇಡುವ ಅನ್ನದ ಪಾತ್ರೆಗೆ ಮಾತ್ರ ಹೊರಗಿನಿಂದ ಬೂದಿ ಕಲಸಿದ ಮಣ್ಣು ಮೆತ್ತಿದರೆ ತಿಕ್ಕುವ ಕೆಲಸ ಅರ್ಧ ಉಳಿಯುತ್ತದೆ. ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆ ಒಯ್ಯುವವರು ಅದನ್ನು ಖಾಲಿ ಒಲೆಯ ಮೇಲೆ ಇಡಬಾರದು, ತವರ 232 ಡಿಗ್ರಿಗೇ ಕರಗುತ್ತದೆ.

ಮರಳುವಾಗ ಹಂಚು ಇನ್ನೂ ಬೆಚ್ಚಗಿರುವಾಗಲೇ ಕೆರೆದು, ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿ, ಒರೆಸಿ, ಎಣ್ಣೆ ಸವರಿ ಪೇಪರಿನಲ್ಲಿ ಸುತ್ತುತ್ತೇನೆ. ಬೈಕಿನಲ್ಲಿ ಇಬ್ಬರೇ ಹೋಗುವಾಗ ಇದು ಭಾರವೇ. ಅದಕ್ಕೆ ಈಗ 22 ಸೆಂ.ಮೀ. ಅಗಲ, 3 ಮಿ.ಮೀ. ದಪ್ಪದ ಇನ್ನೊಂದನ್ನು ಹೇಳಿದ್ದೇನೆ, 900 ಗ್ರಾಂ ಆಗಬಹುದು. ರೊಟ್ಟಿ ಸಣ್ಣ ಬಡಿಯಬೇಕು, ಅಷ್ಟೇ.