ಕೂಲರ್ ತೊಳೆಯುವ ಮುನ್ನ ತಳ ನೋಡಿ

ಕಲಬುರಗಿಯಲ್ಲಿ ಹದಿನೆಂಟು ವರ್ಷಗಳಿಂದ ಕೂಲರ್ ರಿಪೇರಿ ಮಾಡುತ್ತಿದ್ದೇನೆ. ಓದಿದ್ದು ಪ್ರಾಣಿಶಾಸ್ತ್ರದ ಬಿಎಸ್ಸಿ, ಹೊಟ್ಟೆ ಹೊರೆಯುತ್ತಿರುವುದು ಪಂಪು, ಮೋಟಾರು. ಎರಡೂ ಕೂಡುವ ಜಾಗ ಒಂದೇ, ಕೂಲರಿನ ಟಾಂಕಿಯ ತಳ. ಮಾರ್ಚ್ ಬಂತೆಂದರೆ ಗಿರಾಕಿಗಳ ಮನೆಯಲ್ಲಿ ಪಂಪು ಮುಟ್ಟುವ ಮೊದಲು ಒಂದು ಬಿಳಿ ಬಟ್ಟಲಲ್ಲಿ ನೀರು ಮೊಗೆದು ಬೆಳಕಿಗೆ ಹಿಡಿಯುತ್ತೇನೆ. “ಕಾಕಾ, ಪಂಪು ಮೇಲಿದೆ” ಎಂದು ಹುಡುಗರು ನಗುತ್ತಾರೆ. ಬಟ್ಟಲಲ್ಲಿ ಕುಣಿಯುವ ಸೊಳ್ಳೆಮರಿಗಳನ್ನು ತೋರಿಸಿದ ಮೇಲೆ ನಗು ನಿಲ್ಲುತ್ತದೆ.

ನೀವೂ ಅಲ್ಲಿಂದಲೇ ಶುರು ಮಾಡಿ. ಬಿಳಿ ಬಟ್ಟಲು, ಗಡಿಯಾರ ರಿಪೇರಿಯವರು ಬಳಸುವಂಥ ಒಂದು ಮಸೂರ, ಇಷ್ಟು ಸಾಕು. ಮರಿ ನೀರಿನ ಮೇಲ್ಮೈಗೆ ಸಮವಾಗಿ, ತೇಲುವ ಕಡ್ಡಿಯಂತೆ ಮಲಗಿದ್ದರೆ ಅದು ಅನಾಫಿಲಿಸ್, ಮಲೇರಿಯಾದ ಸೊಳ್ಳೆ. ತಲೆ ಕೆಳಗೆ ಮಾಡಿ ಬಾಲದ ಕೊಳವೆಯಿಂದ ಜೋತುಬಿದ್ದಿದ್ದರೆ ಆ ಕೊಳವೆಯನ್ನು ನೋಡಿ. ಉದ್ದವಾಗಿ ಸಪೂರಾಗಿದ್ದರೆ ಕ್ಯೂಲೆಕ್ಸ್, ಗಿಡ್ಡವಾಗಿ ದಪ್ಪವಾಗಿದ್ದರೆ ಬಹುತೇಕ ಈಡಿಸ್. ಡೆಂಗಿ, ಚಿಕುನ್‌ಗುನ್ಯಾ ಎರಡನ್ನೂ ಹರಡುವುದು ಈ ಈಡಿಸ್. ತಳದ ಕೆಸರಿನಲ್ಲಿ ಕೆಂಪು ದಾರದಂಥ ಹುಳ ಕಂಡರೆ ಹೌಹಾರಬೇಡಿ. ಅದು ಕಚ್ಚದ ನುಸಿಯೊಂದರ ಮರಿ, ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್‌ ಅದರಲ್ಲೂ ಇರುವುದರಿಂದ ಆ ಕೆಂಪು. ಅದನ್ನು ಕಂಡು ಟಾಂಕಿಗೆ ಫಿನಾಯಿಲ್ ಸುರಿದವರನ್ನು ನೋಡಿದ್ದೇನೆ.

ಈಡಿಸ್ ಸೊಳ್ಳೆಗೆ ನಮ್ಮ ಊರು ಹೇಳಿ ಮಾಡಿಸಿದಂತಿದೆ. ನಳಕ್ಕೆ ದಿನವೂ ನೀರು ಬಾರದ ಓಣಿಗಳಲ್ಲಿ ಡ್ರಮ್ಮು, ಕೊಡ, ಶಹಾಬಾದ್ ಕಲ್ಲಿನ ತೊಟ್ಟಿ ಎಲ್ಲವೂ ತುಂಬಿರುತ್ತವೆ. ಚರಂಡಿಯ ಕೊಳಕಿಗಿಂತ ಇಂಥ ಶುದ್ಧ ನೀರೇ ಅದಕ್ಕೆ ಬೇಕು. 2006ರಲ್ಲಿ ಇಡೀ ಜಿಲ್ಲೆ ಚಿಕುನ್‌ಗುನ್ಯಾದಿಂದ ಕುಂಟಿತಲ್ಲ, ಆಗ ನಮ್ಮ ಅವ್ವ ಮೂರು ತಿಂಗಳು ಗೋಡೆ ಹಿಡಿದು ನಡೆದಳು. ಊರಿನ ಚರಂಡಿಯನ್ನು ಬೈಯುತ್ತ ಕುಳಿತಿದ್ದ ನಾನು ಒಂದು ದಿನ ಬಚ್ಚಲಮನೆಯ ನಮ್ಮದೇ ತೊಟ್ಟಿಗೆ ಟಾರ್ಚ್ ಹಾಕಿದೆ. ಮರಿಗಳು ಗಿಜಿಗುಡುತ್ತಿದ್ದವು. ಬಿಎಸ್ಸಿ ಓದಿದವನ ಮನೆ!

ನೀರು ಚೆಲ್ಲಿದರೆ ಮುಗಿಯಿತು ಎಂದುಕೊಳ್ಳುವಲ್ಲೇ ಎಲ್ಲರೂ ಎಡವುತ್ತಾರೆ. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗಿಂತ ತುಸು ಮೇಲೆ, ಒದ್ದೆ ಗೋಡೆಗೆ. ಸಾಸಿವೆಗಿಂತ ಎಷ್ಟೋ ಸಣ್ಣದಾದ ಆ ಕಪ್ಪು ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ನೀರು ತಾಗಿದಾಗ ಒಡೆಯುತ್ತದೆ. ಆದ್ದರಿಂದ ಬೂಚು ತೆಗೆದು ನೀರು ಬಿಟ್ಟ ಮೇಲೆ ತೆಂಗಿನ ನಾರಿನಿಂದ ಅಂಚನ್ನು ಗಸಗಸ ಉಜ್ಜಬೇಕು. ಮೂಲೆಗಳನ್ನು ಹೆಚ್ಚು ಉಜ್ಜಿ. ತೊಳೆದ ನೀರನ್ನು ಚರಂಡಿಗೆ ಬಿಡದೆ ಒಣ ಮಣ್ಣಿಗೆ ಚೆಲ್ಲಿ, ಟಾಂಕಿಯನ್ನು ಬಿಸಿಲಿಗೆ ಒಣಗಿಸಿ. ನಮ್ಮ ಬೇಸಿಗೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು ತಪ್ಪದೆ ತೊಳೆಯಿರಿ. ಜೂನ್‌ನಲ್ಲಿ ಕೂಲರ್ ಎತ್ತಿಡುವಾಗ ಹಳೆಯ ಹುಲ್ಲಿನ ಪ್ಯಾಡನ್ನು ಸುಟ್ಟುಬಿಡಿ. ಮುಂದಿನ ವರ್ಷಕ್ಕೆ ಬರುತ್ತದೆಂದು ಉಳಿಸಿಕೊಳ್ಳುವ ಜಿಪುಣತನ ನನಗೆ ಹಿಡಿಸುವುದಿಲ್ಲ.

ಬರಿದು ಮಾಡಲಾಗದ ದೊಡ್ಡ ತೊಟ್ಟಿಗೆ ಬಟ್ಟೆ ಬಿಗಿಯಿರಿ, ಇಲ್ಲವೇ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಬಿಡಿ. ಕುಡಿಯದ ನೀರಿಗೆ ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿಯೂ ಇದೆ, ಪ್ರಮಾಣ ಪೊಟ್ಟಣದ ಮೇಲಿರುತ್ತದೆ. ಅದು ಕೆಲಸ ಮಾಡುವುದು ಮರಿ ಅದನ್ನು ತಿಂದಾಗ ಮಾತ್ರ. ಮರಿ ಸೊಳ್ಳೆಯಾಗುವ ಮುನ್ನ ತಾಳುವ ಅಲ್ಪವಿರಾಮದ ಆಕಾರದ ಕೋಶ (ಪ್ಯೂಪಾ) ಏನನ್ನೂ ತಿನ್ನುವುದಿಲ್ಲ. ಬಟ್ಟಲಲ್ಲಿ ಕೋಶಗಳೇ ಹೆಚ್ಚಿದ್ದರೆ ಪುಡಿ ದಂಡ, ನೀರು ಚೆಲ್ಲುವುದೇ ದಾರಿ. ಗಪ್ಪಿಯನ್ನಾಗಲಿ ಅಂಥದೇ ಇನ್ನೊಂದು ಮೀನು ಗ್ಯಾಂಬೂಸಿಯಾವನ್ನಾಗಲಿ ನಮ್ಮೂರಿನ ‘ಅಪ್ಪನ ಕೆರೆ’ಗೋ ಹೊಲದ ಬಾವಿಗೋ ಬಿಡಬೇಡಿ. ಅವು ಕಪ್ಪೆಮರಿಗಳನ್ನೂ ಊರ ಮೀನಿನ ಮರಿಗಳನ್ನೂ ತಿಂದು ಹಾಕುತ್ತವೆ.

ಕ್ಯೂಲೆಕ್ಸ್‌ನ ಮನೆ ಚರಂಡಿ, ಶೌಚದ ಗುಂಡಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಈ ಸೊಳ್ಳೆ ಹರಡುವ ಆನೆಕಾಲು ರೋಗ ಬೇರೂರಿದ ಜಿಲ್ಲೆಗಳು. ಅದರ ಜಂತಿನ ಮರಿಗಳು ರಾತ್ರಿಯೇ ಹೊರಮೈ ರಕ್ತಕ್ಕೆ ಬರುತ್ತವೆ, ಅದಕ್ಕೇ ಆರೋಗ್ಯ ಕಾರ್ಯಕರ್ತರು ರಾತ್ರಿ ಹೊತ್ತು ರಕ್ತ ಕೇಳುತ್ತಾರೆ. ಬೈದು ಕಳಿಸಬೇಡಿ. ಗುಂಡಿಯ ಗಾಳಿ ಪೈಪಿನ ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿ, ಹತ್ತು ನಿಮಿಷದ ಕೆಲಸ.

ಹಳ್ಳಿಯ ಮಣ್ಣಿನ ಗೋಡೆಯ ಬಿರುಕುಗಳಲ್ಲಿ ಇನ್ನೊಂದು ಇದೆ, ಮರಳುನೊಣ. ಎರಡು ಮೂರು ಮಿಲಿಮೀಟರ್ ಅಷ್ಟೇ. ರೆಕ್ಕೆಯನ್ನು ಮೇಲೆತ್ತಿ ಕೂರುತ್ತದೆ, ಹಾರುವುದಕ್ಕಿಂತ ಜಿಗಿಯುವುದೇ ಹೆಚ್ಚು, ಸಾಮಾನ್ಯ ಸೊಳ್ಳೆ ಪರದೆಯ ಕಣ್ಣಿನಿಂದ ತೂರಿಬಿಡುತ್ತದೆ. 1965ರಲ್ಲಿ ನಾಗಪುರದ ಬಳಿಯ ಊರಿನಲ್ಲಿ ಪತ್ತೆಯಾದ, ಮೆದುಳು ಜ್ವರ ತರುವ ಚಾಂದಿಪುರ ವೈರಸ್ಸನ್ನು ಮಕ್ಕಳಿಗೆ ತಲುಪಿಸುವುದು ಇದೇ. ಬಿರುಕು ಮುಚ್ಚಿ, ಗೋಡೆ ಸಾರಿಸಿ, ತಿಪ್ಪೆಯನ್ನು ಮನೆಯಿಂದ ದೂರ ಇಡಿ.

ನೋಡುವ ಚಟ ಹತ್ತಿದ ಮೇಲೆ ಸೊಳ್ಳೆ ಒಂದಕ್ಕೇ ನಿಲ್ಲುವುದಿಲ್ಲ. ಮಾಳಿಗೆಯ ಮೇಲೆ ಹಗ್ಗಕ್ಕೆ ಬಿಳಿ ಚಾದರ ಕಟ್ಟಿ, ಹಿಂದೆ ದೀಪ ಇಡಿ. ಹಳದಿ ಎಲ್‌ಇಡಿಗೆ ಹುಳ ಕಡಿಮೆ, ನೇರಳಾತೀತ ದೀಪಕ್ಕೆ ಹೆಚ್ಚು. ಹುಣ್ಣಿಮೆಯನ್ನು ಬಿಡಿ, ಅಮಾವಾಸ್ಯೆಯ ಆಚೀಚೆ ಚಾದರ ತುಂಬುತ್ತದೆ. ಮೊದಲ ಮಳೆಯ ರಾತ್ರಿ ರೆಕ್ಕೆ ಬಂದ ಗೆದ್ದಲು, ಸಗಣಿ ಹುಳ. ತೊಗರಿ ಹೂ ಬಿಟ್ಟಾಗ ಕಾಯಿಕೊರಕದ ಪತಂಗ, ರೈತರು ಅದನ್ನು ನೋಡಿದರೆ ಹಲ್ಲು ಕಡಿಯುತ್ತಾರೆ. ಮೃಗಶಿರಾ ಮಳೆಗೆ ನೆಲದ ಮೇಲೆ ಬರುವ ಕೆಂಪು ಮಖಮಲ್ಲಿನ ಇಂದ್ರಗೋಪವನ್ನು ಪಟ್ಟಿಗೆ ಸೇರಿಸಬೇಡಿ, ಅದಕ್ಕೆ ಎಂಟು ಕಾಲು, ಕೀಟವೇ ಅಲ್ಲ. ಪ್ರತಿಯೊಂದರ ಪಕ್ಕ ನಾಣ್ಯ ಇಟ್ಟು ಫೋಟೊ ತೆಗೆಯಿರಿ. ತಾರೀಖು, ಗಂಟೆ, ಜಾಗ, ಮಳೆ ಇತ್ತೇ ಎಂಬುದನ್ನು ಬರೆದು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದರೆ ಬಲ್ಲವರು ಹೆಸರು ಹೇಳುತ್ತಾರೆ. ಚಿಂಚೋಳಿ ವನ್ಯಧಾಮಕ್ಕೆ ಹೋದರೆ ಬರೀ ಫೋಟೊ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಜೀರುಂಡೆಯನ್ನೂ ಡಬ್ಬಿಗೆ ಹಾಕುವಂತಿಲ್ಲ.

ಕಳೆದ ವರ್ಷ ಬ್ರಹ್ಮಪುರದ ಒಂದು ಮನೆಯ ಅಂಗಳದ ತೊಟ್ಟಿಯಲ್ಲಿ ಒಂದೂ ಸೊಳ್ಳೆಮರಿ ಇರಲಿಲ್ಲ. ಮುಚ್ಚಳವಿಲ್ಲ, ಮೀನಿಲ್ಲ. ಬಟ್ಟಲಿಗೆ ಬಂದದ್ದು ಕೊಡತಿ ಹುಳದ ಎರಡು ಮರಿಗಳು, ಏರೋಪ್ಲೇನ್ ಚಿಟ್ಟೆ ಎಂದು ಮಕ್ಕಳು ದಾರ ಕಟ್ಟುತ್ತಾರಲ್ಲ, ಅದರವು. ಕೆಳತುಟಿಯನ್ನು ಚಿಮಟದಂತೆ ಚಾಚಿ ಸೊಳ್ಳೆಮರಿ ಹಿಡಿಯುತ್ತವೆ. “ಚೆಲ್ಲಲೇ, ಕಾಕಾ?” ಎಂದು ಮನೆಯ ಸೊಸೆ ಬಕೆಟ್ ಎತ್ತಿದ್ದಳು. ಬೇಡವೆಂದು ತಡೆದು, ಎರಡನ್ನೂ ಮತ್ತೆ ತೊಟ್ಟಿಗೇ ಬಿಟ್ಟು ಪಂಪು ಬಿಚ್ಚಲು ಕುಳಿತೆ.